ಸಹಿ ಯಾರ ಪರ? ಕೆಲಸಕ್ಕೆ ಮುಂಚಿನ ಹತ್ತು ನಿಮಿಷದ ಸಭೆ ಮತ್ತು ಹೊಸ ಸಂಹಿತೆ

2025ರ ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲಿ ಒಂದಾದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು 1948ರ ಕಾರ್ಖಾನೆ ಕಾಯ್ದೆ, 1952ರ ಗಣಿ ಕಾಯ್ದೆ, 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಸೇರಿದಂತೆ ಹದಿಮೂರು ಕಾಯ್ದೆಗಳ ಜಾಗದಲ್ಲಿ ಕೂತಿದೆ. ತೋರಣಗಲ್ಲಿನ ಉಕ್ಕು, ಗಿಣಿಗೇರಾ ಸುತ್ತಲಿನ ಕಬ್ಬಿಣ, ಶಕ್ತಿನಗರ ಮತ್ತು ಕುಡುತಿನಿಯ ವಿದ್ಯುತ್, ಸಂಡೂರಿನ ಅದಿರು, ಹಟ್ಟಿಯ ಚಿನ್ನ, ಗಂಗಾವತಿ–ಸಿಂಧನೂರಿನ ಅಕ್ಕಿ, ಹೀಗೆ ಬಳ್ಳಾರಿ, ಕೊಪ್ಪಳ, ರಾಯಚೂರು ಈ ಮೂರು ಜಿಲ್ಲೆಗಳ ದುಡಿಮೆಯೆಲ್ಲ ಈಗ ಇದರ ಕೆಳಗೆ ಬರುತ್ತದೆ.

ಅಲ್ಲಿಂದ ಹುಟ್ಟಿರುವ ಗೊಂದಲಗಳಲ್ಲಿ ಒಂದು, ಪಾಳಿ ಶುರುವಾಗುವ ಮುನ್ನ ನಡೆಯುವ ಸುರಕ್ಷತಾ ಸಭೆಯದು. ಟೂಲ್‌ಬಾಕ್ಸ್ ಟಾಕ್, ಅಥವಾ ಗೇಟಿನೊಳಗೆ ಎಲ್ಲರ ಬಾಯಲ್ಲಿರುವಂತೆ ಟಿಬಿಟಿ, ಇನ್ನು ಮೇಲೆ ಕಡ್ಡಾಯವೇ? ಹದಿನೈದು ಜನರ ರೈಸ್‌ಮಿಲ್ಲಿಗೂ ಅನ್ವಯಿಸುತ್ತದೆಯೇ? ಆ ಸಭೆಯ ರಿಜಿಸ್ಟರಿನಲ್ಲಿ ಸಹಿ ಹಾಕಿದರೆ ಅಪಘಾತದ ಹೊಣೆ ಕಾರ್ಮಿಕನ ಮೇಲೆ ಬೀಳುತ್ತದೆಯೇ? ಇವಕ್ಕೆ ಒಂದೇ ಮಾತಿನ ಉತ್ತರ ಸಿಗುವುದಿಲ್ಲ. ಮೂರನೆಯ ಪ್ರಶ್ನೆಯಂತೂ ಜನ ಅಂದುಕೊಂಡದ್ದಕ್ಕಿಂತ ಗಂಭೀರವಾದದ್ದು.

ಸಂಹಿತೆಯಲ್ಲಿ ಇರುವುದೇನು

ಟೂಲ್‌ಬಾಕ್ಸ್ ಟಾಕ್ ಎಂಬ ಹೆಸರು ಸಂಹಿತೆಯಲ್ಲಿ ಎಲ್ಲೂ ಇಲ್ಲ. ಹಳೆಯ ಕಾರ್ಖಾನೆ ಕಾಯ್ದೆಯಲ್ಲೂ ಇರಲಿಲ್ಲ. ಇರುವುದು ಮಾಲೀಕನ ಕರ್ತವ್ಯ: ಕಾರ್ಮಿಕರ ಆರೋಗ್ಯ ಮತ್ತು ಸುರಕ್ಷತೆಗೆ ಬೇಕಾದ ಮಾಹಿತಿ, ಸೂಚನೆ, ತರಬೇತಿ ಮತ್ತು ಮೇಲ್ವಿಚಾರಣೆ ಒದಗಿಸಬೇಕು ಎಂದು ಸಂಹಿತೆಯ 6ನೇ ಕಲಂ ಹೇಳುತ್ತದೆ. 1948ರ ಕಾಯ್ದೆಯ 7ಎ ಕಲಂ ಹೇಳುತ್ತಿದ್ದುದೂ ಇದನ್ನೇ. ಈ ಕರ್ತವ್ಯವನ್ನು ದಿನವೂ ಪೂರೈಸಲು ಕೈಗಾರಿಕೆ ಕಂಡುಕೊಂಡ ದಾರಿ ಟಿಬಿಟಿ. ಆದ್ದರಿಂದ ಸಭೆ ನಡೆಸಲಿಲ್ಲ ಎಂಬುದೊಂದೇ ಅಪರಾಧವಾಗುವುದಿಲ್ಲ. ಅಪಾಯದ ಮಾಹಿತಿ ಕೊಡದೆ ಕೆಲಸಕ್ಕೆ ಇಳಿಸಿದ್ದು ಸಾಬೀತಾದರೆ ಆಗುತ್ತದೆ.

ಬದಲಾಗಿರುವುದು ಶಿಕ್ಷೆಯ ಪ್ರಮಾಣ. ಹಳೆಯ ಕಾಯ್ದೆಯಲ್ಲಿ ಸುರಕ್ಷತಾ ನಿಯಮದ ಉಲ್ಲಂಘನೆಯಿಂದ ಸಾವು ಸಂಭವಿಸಿದರೆ ದಂಡ ಕನಿಷ್ಠ 25 ಸಾವಿರ ರೂಪಾಯಿ, ಗಂಭೀರ ಗಾಯವಾದರೆ ಕನಿಷ್ಠ 5 ಸಾವಿರ. ಹೊಸ ಸಂಹಿತೆಯಲ್ಲಿ ಕರ್ತವ್ಯಲೋಪದಿಂದ ಸಾವಾದರೆ ಎರಡು ವರ್ಷದವರೆಗೆ ಸೆರೆವಾಸ, ಅಥವಾ 5 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಗಂಭೀರ ಗಾಯಕ್ಕೆ ದಂಡ 2 ಲಕ್ಷದಿಂದ 4 ಲಕ್ಷ. ದಂಡದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮೊತ್ತವನ್ನು ಗಾಯಾಳುವಿಗೆ ಅಥವಾ ಮೃತರ ವಾರಸುದಾರರಿಗೆ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ.

ಇನ್ನೊಂದು ಬದಲಾವಣೆ ತಪಾಸಣೆಯ ರೀತಿಯಲ್ಲಿದೆ. ಇನ್‌ಸ್ಪೆಕ್ಟರ್ ಈಗ ‘ಇನ್‌ಸ್ಪೆಕ್ಟರ್–ಕಮ್–ಫೆಸಿಲಿಟೇಟರ್’, ಅಂದರೆ ತಪಾಸಕನೂ ಹೌದು, ಮಾರ್ಗದರ್ಶಕನೂ ಹೌದು. ಯಾವ ಕಾರ್ಖಾನೆಗೆ ಹೋಗಬೇಕೆಂಬುದನ್ನು ಕಂಪ್ಯೂಟರ್ ಯಾದೃಚ್ಛಿಕವಾಗಿ ಆರಿಸುವ ವ್ಯವಸ್ಥೆಗೆ ಸಂಹಿತೆ ಅವಕಾಶ ಕೊಟ್ಟಿದೆ. ಅಧಿಕಾರಿ ಅಪರೂಪಕ್ಕೆ ಬರುತ್ತಾನೆ, ಬಂದಾಗ ಮೊದಲು ಕೇಳುವುದು ಕಾಗದ. ದಂಡ ದೊಡ್ಡದಾಯಿತು, ಭೇಟಿ ವಿರಳವಾಯಿತು. ಇವೆರಡೂ ಸೇರಿದರೆ ಆಗುವುದು ಒಂದೇ: ಟಿಬಿಟಿ ರಿಜಿಸ್ಟರಿನ ಬೆಲೆ ಏರುತ್ತದೆ. ರಿಜಿಸ್ಟರಿನ ಜತೆಗೆ ಸಭೆಯ ಗುಣವೂ ಏರುತ್ತದೆಯೇ ಎಂಬುದರ ಮೇಲೆ ಜನರ ಕೈಕಾಲು ನಿಂತಿವೆ.

ಒಂದು ರೋಲರ್ ಬದಲಿಸುವ ಮುನ್ನ

ಸಭೆ ಹೇಗಿರಬೇಕು ಎಂಬುದನ್ನು ಒಂದು ಸಾಮಾನ್ಯ ಕೆಲಸದ ಮೂಲಕವೇ ನೋಡುವುದು ಒಳ್ಳೆಯದು. ಅದಿರು ಅಥವಾ ಕಲ್ಲಿದ್ದಲು ಸಾಗಿಸುವ ಕನ್ವೇಯರ್ ಬೆಲ್ಟಿನ ಕೆಳಗೆ ಜಾಮ್ ಆದ ಒಂದು ರಿಟರ್ನ್ ರೋಲರ್ (ಹಿಂದಿರುಗುವ ಬೆಲ್ಟನ್ನು ಹೊರುವ ಉರುಳೆ) ಬದಲಿಸಬೇಕಾಗಿದೆ. ನಾಲ್ಕು ಜನ, ಒಂದು ಗಂಟೆಯ ಕೆಲಸ. ಈ ಮೂರು ಜಿಲ್ಲೆಗಳಲ್ಲಿ ಇಂಥ ಕೆಲಸ ನಡೆಯದ ದಿನವೇ ಇರಲಿಕ್ಕಿಲ್ಲ.

ಬಹಳ ಕಡೆ ಕೇಳಿಬರುವ ಟಿಬಿಟಿ ಹೀಗಿರುತ್ತದೆ: “ಹೆಲ್ಮೆಟ್ ಹಾಕ್ಕೊಳ್ರಿ, ಶೂ ಹಾಕ್ಕೊಳ್ರಿ, ಮೊಬೈಲ್ ಬಳಸಬೇಡ್ರಿ, ಹುಷಾರಾಗಿ ಕೆಲಸ ಮಾಡ್ರಿ. ತಿಳೀತೇನ್ರಪಾ ಎಲ್ಲಾರ್ಗೂ?” “ಹೂನ್ರೀ ಸಾರ್.” ಆಮೇಲೆ ಸಹಿ. ಈ ಮಾತುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಆ ರೋಲರ್ ಬಗ್ಗೆ ಒಂದಕ್ಷರವೂ ಇಲ್ಲ. ನಿನ್ನೆಯೂ ಇದೇ ಹೇಳಿದ್ದರು, ನಾಳೆಯೂ ಇದೇ ಹೇಳುತ್ತಾರೆ. ಕಿವಿ ಮೂರನೇ ದಿನಕ್ಕೆ ಮುಚ್ಚಿಕೊಳ್ಳುತ್ತದೆ.

ಬೆಲ್ಟಿನ ಕೆಲಸದಲ್ಲಿ ಜೀವ ತೆಗೆಯುವ ಸಂಗತಿಗಳು ಬೇರೆ. ಮೊದಲನೆಯದು, ಬೆಲ್ಟ್ ನಿಂತಿದೆ ಎಂಬ ನಂಬಿಕೆ. ಪಕ್ಕದಲ್ಲಿ ಹಾದುಹೋಗುವ ಪುಲ್‌ಕಾರ್ಡ್ ಎಳೆದರೆ ಬೆಲ್ಟ್ ನಿಲ್ಲುತ್ತದೆ, ನಿಜ. ಆದರೆ ಅದು ತುರ್ತಾಗಿ ನಿಲ್ಲಿಸುವ ಸಾಧನ, ಕರೆಂಟು ಕಡಿದಂತೆ ಆಗಲಿಲ್ಲ. ಐವತ್ತು ಮೀಟರ್ ಆಚೆ ಇರುವ ಇನ್ನೊಬ್ಬ, ಬೆಲ್ಟ್ ಯಾಕೆ ನಿಂತಿತೆಂದು ನೋಡಿ ಪುಲ್‌ಕಾರ್ಡ್ ರೀಸೆಟ್ ಮಾಡಿದರೆ ಕಂಟ್ರೋಲ್ ರೂಮಿನಿಂದ ಬೆಲ್ಟ್ ಮತ್ತೆ ಹೊರಡಬಹುದು. ಸೆಕೆಂಡಿಗೆ ಎರಡು ಮೀಟರ್ ಓಡುವ ಬೆಲ್ಟು ಅರ್ಧ ಸೆಕೆಂಡಿನಲ್ಲಿ ಕೈಯನ್ನು ಒಂದು ಮೀಟರ್ ಒಳಗೆ ಎಳೆಯುತ್ತದೆ. ಕೂಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಹಾಗಾಗಿ ಸಭೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಮೋಟಾರಿಗೆ ಕರೆಂಟು ಕೊಡುವ ಫೀಡರ್ ಎಂಸಿಸಿ ರೂಮಿನಲ್ಲಿ (ಮೋಟಾರುಗಳ ಸ್ವಿಚ್ಚುಗಳಿರುವ ಕೋಣೆ) ಆಫ್ ಆಗಿದೆಯೇ, ಅದಕ್ಕೆ ಬೀಗ ಬಿದ್ದಿದೆಯೇ, ಬೀಗದ ಕೈ ಯಾರ ಜೇಬಿನಲ್ಲಿದೆ? ನಾಲ್ಕು ಜನ ಕೆಲಸ ಮಾಡುತ್ತಿದ್ದರೆ ಆ ಸ್ವಿಚ್ಚಿನ ಒಂದೇ ಕ್ಲಾಂಪಿಗೆ ನಾಲ್ಕು ಬೀಗ ಬೀಳಬೇಕು. ಕೊನೆಯವನು ಹೊರಗೆ ಬಂದು ತನ್ನ ಬೀಗ ತೆಗೆಯುವ ತನಕ ಯಾರೂ ಚಾಲೂ ಮಾಡಲಾಗದು. ಬೀಗ ಹಾಕಿದ ಮೇಲೆ ಬೆಲ್ಟಿನ ಹತ್ತಿರದ ಸ್ಟಾರ್ಟ್ ಬಟನ್ ಒತ್ತಿ ನೋಡಬೇಕು, ಹತ್ತಿರ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು. ಈ ಒಂದು ಹೆಜ್ಜೆಯನ್ನು ಬಿಟ್ಟುಬಿಡುವುದೇ ಹೆಚ್ಚು. ಅಕ್ಕಪಕ್ಕದ ಎರಡು ಫೀಡರುಗಳಲ್ಲಿ ತಪ್ಪು ಫೀಡರಿಗೆ ಬೀಗ ಬಿದ್ದಿದ್ದರೆ ಅದು ಗೊತ್ತಾಗುವುದು ಈ ಪರೀಕ್ಷೆಯಲ್ಲಿ ಮಾತ್ರ.

ಎರಡನೆಯ ಅಪಾಯ ಕರೆಂಟಿಗೆ ಸಂಬಂಧವೇ ಇಲ್ಲದ್ದು. ಇಳಿಜಾರಿನ ಬೆಲ್ಟಿನ ಮೇಲೆ ಅದಿರು ಹಾಗೇ ಉಳಿದಿದ್ದರೆ ಅದರ ಭಾರಕ್ಕೆ ಬೆಲ್ಟು ಹಿಂದಕ್ಕೆ ಜಾರಬಹುದು. ಬೆಲ್ಟನ್ನು ಬಿಗಿಯಾಗಿ ಹಿಡಿದಿರುವ ಕೌಂಟರ್‌ವೇಟ್ ತೂಗಾಡುತ್ತಲೇ ಇರುತ್ತದೆ. ಬೆಲ್ಟನ್ನು ಕ್ಲಾಂಪ್ ಮಾಡದೆ ಕೆಳಗೆ ಕೈ ಹಾಕಿದರೆ ಬೀಗ ಕಾಪಾಡುವುದಿಲ್ಲ. ಮೂರನೆಯದು, ಮೇಲಿನ ಬೆಲ್ಟಿನಿಂದ ಚೂಟ್ (ಇಳಿಕೊಳವೆ) ಮೂಲಕ ಮಾಲು ಸುರಿಯುವುದು. ಆ ಬೆಲ್ಟೂ ನಿಂತಿದೆಯೇ ಎಂದು ಕೇಳುವವರು ಕಡಿಮೆ.

ಇಷ್ಟನ್ನು ಆ ಬೆಲ್ಟಿನ ಹತ್ತಿರವೇ ನಿಂತು, ಬೆರಳು ತೋರಿಸಿ ಹೇಳಲು ಹತ್ತು ನಿಮಿಷ ಸಾಕು. ಗೇಟಿನ ಬಳಿ ನೂರು ಜನರನ್ನು ಸಾಲಾಗಿ ನಿಲ್ಲಿಸಿ ಮೈಕಿನಲ್ಲಿ ಹೇಳುವುದು ಈ ಕೆಲಸ ಮಾಡುವುದಿಲ್ಲ. ಅದಕ್ಕೂ ಒಂದು ಜಾಗವಿದೆ, ಆದರೆ ಅದನ್ನು ಟಿಬಿಟಿ ಎಂದು ಬರೆದುಕೊಳ್ಳಬಾರದು. ಒಂದು ತಂಡ, ಒಂದು ಕೆಲಸ, ಹೆಚ್ಚೆಂದರೆ ಹತ್ತು ಹದಿನೈದು ಜನ.

ಮಧ್ಯಾಹ್ನ ಕೆಲಸ ಬದಲಾದರೆ ಬೆಳಗಿನ ಸಭೆ ಅಲ್ಲಿಗೆ ಮುಗಿಯಿತು. ರೋಲರ್ ಬದಲಿಸಿದ ತಂಡವನ್ನು ಊಟವಾದ ಮೇಲೆ ಗ್ಯಾಸ್ ಲೈನಿನ ವಾಲ್ವ್ ಬಿಚ್ಚಲು ಕಳಿಸಿದರೆ ಹೊಸ ಪರ್ಮಿಟ್ (ಆ ಕೆಲಸಕ್ಕೆ ಲಿಖಿತ ಅನುಮತಿ), ಹೊಸ ಮಾತು ಎರಡೂ ಬೇಕು. ಬ್ಲಾಸ್ಟ್ ಫರ್ನೇಸಿನ (ಕಬ್ಬಿಣದ ಊದುಕುಲುಮೆ) ಗ್ಯಾಸಿನಲ್ಲಿ ಐದನೇ ಒಂದು ಪಾಲಿಗೂ ಹೆಚ್ಚು ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಕಾರ್ಖಾನೆ ಕಾಯ್ದೆಯ ಅನುಸೂಚಿಯಲ್ಲಿ ಎಂಟು ಗಂಟೆಯ ಸರಾಸರಿಗೆ ಇಟ್ಟಿದ್ದ ಮಿತಿ ಹತ್ತು ಲಕ್ಷಕ್ಕೆ 50 ಭಾಗ ಮಾತ್ರ. ಬಣ್ಣ, ವಾಸನೆ ಎರಡೂ ಇಲ್ಲ. ಅಲ್ಲಿ ಹೇಳಬೇಕಾದ್ದು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಗ್ಯಾಸ್ ಮೀಟರ್ ಕೂಗಿದರೆ ಯಾವ ಕಡೆ ಓಡಬೇಕು, ಹೊರಗೆ ನಿಂತು ಕಾಯುವವನು ಯಾರು, ಒಳಗೆ ಒಬ್ಬ ಬಿದ್ದರೆ ಉಸಿರಾಟದ ಉಪಕರಣವಿಲ್ಲದೆ ಯಾರೂ ಹಿಂದೆ ಹೋಗಬಾರದು ಎಂಬುದು. ಮುಚ್ಚಿದ ಜಾಗಗಳ ಅಪಘಾತದಲ್ಲಿ ಕಾಪಾಡಲು ಹೋದವರೂ ಸಾಯುತ್ತಾರೆ. ಗೆಳೆಯ ಬಿದ್ದಾಗ ಕಾಲು ತಾನಾಗಿ ಒಳಗೆ ಓಡುತ್ತದೆ, ಹಾಗಾಗಿ ಆ ಮಾತನ್ನು ಮೊದಲೇ ಆಡಿಕೊಂಡಿರಬೇಕು.

ಯಾವ ಭಾಷೆಯಲ್ಲಿ

ದೊಡ್ಡ ಕಾರ್ಖಾನೆಗಳು ದುರಸ್ತಿಗೆಂದು ಯಂತ್ರ ನಿಲ್ಲಿಸುವ ಶಟ್‌ಡೌನ್ ಹೊತ್ತಿನಲ್ಲಿ ಬಿಹಾರ, ಜಾರ್ಖಂಡ್, ಒಡಿಶಾ, ಬಂಗಾಳದಿಂದ ಫಿಟ್ಟರು, ವೆಲ್ಡರು, ಭಾರ ಎತ್ತುವ ರಿಗ್ಗರುಗಳ ತಂಡಗಳು ಬರುತ್ತವೆ. ಅವರ ಜತೆ ಸುತ್ತಲ ಹಳ್ಳಿಗಳ ಹೆಲ್ಪರುಗಳು. ಸುರಕ್ಷತಾ ಅಧಿಕಾರಿ ಇಂಗ್ಲಿಷಿನಲ್ಲಿ ಬರೆದದ್ದನ್ನು ಸೂಪರ್‌ವೈಸರ್ ಹಿಂದಿಯಲ್ಲಿ ಹೇಳುತ್ತಾನೆ. ಸಂಡೂರು ಕಡೆಯ ಹೆಲ್ಪರಿಗೆ ಅದು ಅರ್ಧಂಬರ್ಧ. ಕನ್ನಡದಲ್ಲೇ ಹೇಳಿದರೆ ಒಡಿಶಾದ ವೆಲ್ಡರಿಗೆ ಏನೂ ಇಲ್ಲ. “ಸಮಝ್ ಗಯಾ?” ಎಂದರೆ ತಲೆಯಾಡಿಸುವುದು ಎಲ್ಲ ಭಾಷೆಯವರಿಗೂ ಬರುತ್ತದೆ.

ಇದಕ್ಕೆ ಪಳಗಿದವರು ಅನುಸರಿಸುವ ದಾರಿ, ಹೇಳಿದ್ದನ್ನು ತಿರುಗಿ ಹೇಳಿಸುವುದು. ತಿಳಿಯಿತೇ ಎಂದು ಕೇಳುವುದರ ಬದಲು “ನಿನ್ನ ಬೀಗ ಎಲ್ಲಿ ಹಾಕಿದೆ, ತೋರಿಸು”, “ಗ್ಯಾಸ್ ಬಂದರೆ ಯಾವ ಕಡೆ ಹೋಗ್ತೀಯ, ಕೈ ಮಾಡು” ಎನ್ನುವುದು. ಉತ್ತರವನ್ನು ಕೈ ತೋರಿಸುವಾಗ ಭಾಷೆಯ ಅಡ್ಡಿ ಅರ್ಧ ಇಳಿಯುತ್ತದೆ. ತಂಡದಲ್ಲಿ ಎರಡು ಭಾಷೆ ಬಲ್ಲ ಒಬ್ಬನಿದ್ದರೆ ಅವನ ಬಾಯಿಂದ ಹೇಳಿಸಬೇಕು. ಹೊಸಬನನ್ನು ಎಲ್ಲರಿಗಿಂತ ಮೊದಲು ಕೇಳಬೇಕು, ಯಾಕೆಂದರೆ ಕೊನೆಗೆ ಕೇಳಿದರೆ ಹಳಬರು ಹೇಳಿದ್ದನ್ನೇ ಅವನು ಒಪ್ಪಿಸುತ್ತಾನೆ.

ಬಳ್ಳಾರಿ, ರಾಯಚೂರಿನ ಏಪ್ರಿಲ್–ಮೇ ತಿಂಗಳಿಗೆ ಇನ್ನೊಂದು ಮಾತು ಸೇರಬೇಕು. ಉಷ್ಣಾಂಶ 40 ಡಿಗ್ರಿ ದಾಟುವ ದಿನಗಳಲ್ಲಿ ಬಿಸಿಯಲ್ಲಿ ದುಡಿಯುವವರು ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು, ಬಾಯಾರಿಕೆಗೆ ಕಾಯಬಾರದು. ನೀರು ಎಲ್ಲಿದೆ, ನೆರಳು ಎಲ್ಲಿದೆ, ಜತೆಯವನ ಮಾತು ತೊದಲಿದರೆ ಏನು ಮಾಡಬೇಕು ಎಂಬುದೂ ಕೆಲಸದ ಸೂಚನೆಯೇ.

ಸಹಿಯ ತೂಕ

ಈಗ ಮೂರನೆಯ ಪ್ರಶ್ನೆಗೆ ಬರೋಣ. ಟಿಬಿಟಿ ರಿಜಿಸ್ಟರಿನಲ್ಲಿ ಸಹಿ ಹಾಕಿದ್ದರಿಂದ ಮಾಲೀಕನ ಕರ್ತವ್ಯ ಕಾರ್ಮಿಕನಿಗೆ ವರ್ಗವಾಗುವುದಿಲ್ಲ. ಗಾರ್ಡ್ (ಕೈ ಸಿಗದಂತೆ ತಡೆಯುವ ಕವಚ) ಇಲ್ಲದ ಪುಲ್ಲಿಯ ಬಳಿ ಹುಷಾರಾಗಿರಿ ಎಂದು ನೂರು ಸಲ ಹೇಳಿ ಸಹಿ ತೆಗೆದುಕೊಂಡರೂ, ಗಾರ್ಡ್ ಹಾಕದ ತಪ್ಪು ಮಾಲೀಕನದೇ.

ಆದರೆ ಪರಿಹಾರದ ವಿಷಯದಲ್ಲಿ ಆ ಸಹಿಗೆ ತೂಕವಿದೆ. 1923ರ ನೌಕರರ ಪರಿಹಾರ ಕಾಯ್ದೆಯಲ್ಲಿದ್ದ, ಈಗ ಸಾಮಾಜಿಕ ಭದ್ರತಾ ಸಂಹಿತೆಗೆ ಬಂದಿರುವ ಒಂದು ವಿನಾಯಿತಿ ಇದೆ. ಸುರಕ್ಷತೆಗಾಗಿ ಸ್ಪಷ್ಟವಾಗಿ ಕೊಟ್ಟ ಆದೇಶವನ್ನು ಕಾರ್ಮಿಕ ಬೇಕೆಂದೇ ಮೀರಿದ್ದರಿಂದ, ಅಥವಾ ರಕ್ಷಣಾ ಸಾಧನವನ್ನು ಬೇಕೆಂದೇ ತೆಗೆದುಹಾಕಿದ್ದರಿಂದ ಗಾಯವಾಗಿದ್ದರೆ ಮಾಲೀಕ ಪರಿಹಾರ ಕೊಡಬೇಕಿಲ್ಲ. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದಾಗ ಈ ವಿನಾಯಿತಿ ನಡೆಯುವುದಿಲ್ಲ. ಅಂದರೆ ಅದು ಉಪಯೋಗಕ್ಕೆ ಬರುವುದು ಎರಡು ಬೆರಳು ಹೋದಾಗ, ಒಂದು ಕಣ್ಣು ಹೋದಾಗ, ಕಾಲು ಸೊಟ್ಟಗಾದಾಗ. ಇಎಸ್‌ಐಗೆ, ಅಂದರೆ ನೌಕರರ ರಾಜ್ಯ ವಿಮೆಗೆ, ಒಳಪಟ್ಟವರಿಗೆ ದಾರಿ ಬೇರೆ. ಅದರ ಹೊರಗಿರುವ ಕಾರ್ಮಿಕರಿಗೆ ಇದು ನೇರವಾಗಿ ತಟ್ಟುತ್ತದೆ.

‘ಸ್ಪಷ್ಟವಾಗಿ ಆದೇಶ ಕೊಟ್ಟಿದ್ದೆವು’ ಎಂಬುದಕ್ಕೆ ಪುರಾವೆ ಏನು? ಆ ರಿಜಿಸ್ಟರು. ‘ಬೇಕೆಂದೇ’ ಎಂಬುದನ್ನು ಮಾಲೀಕನೇ ಸಾಬೀತುಪಡಿಸಬೇಕು, ಅದು ಸುಲಭವೂ ಅಲ್ಲ. ಆದರೂ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಕೂತವನ ಮುಂದೆ ಅವನದೇ ಸಹಿ ಇರುವ ಪುಟವನ್ನು ತೆರೆದಿಟ್ಟರೆ ಅವನು ಅರ್ಧಕ್ಕೆ ರಾಜಿಯಾಗುತ್ತಾನೆ. ಕೇಳದ ಮಾತಿಗೆ, ತಿಳಿಯದ ಭಾಷೆಗೆ, ಕೆಲಸ ಮುಗಿದ ಮೇಲೆ ವಾರಕ್ಕೊಮ್ಮೆ ಒಟ್ಟಿಗೆ ಸಹಿ ಹಾಕಿಸಿಕೊಳ್ಳುವ ಪದ್ಧತಿ ಇಷ್ಟು ಅಪಾಯಕಾರಿಯಾಗಿರುವುದು ಈ ಕಾರಣಕ್ಕೆ.

ಯಾರ ವಾದ ಏನು

ಗುತ್ತಿಗೆದಾರರದು ಸಮಯದ ಲೆಕ್ಕ. ನಲವತ್ತು ಜನರಿಗೆ ಹದಿನೈದು ನಿಮಿಷದ ಸಭೆ ಎಂದರೆ ದಿನಕ್ಕೆ ಹತ್ತು ಆಳು–ಗಂಟೆ. ಟನ್ ಲೆಕ್ಕದಲ್ಲಿ, ಜಾಬ್ ಲೆಕ್ಕದಲ್ಲಿ ಬಿಲ್ ಆಗುವಾಗ ಆ ಹತ್ತು ಗಂಟೆಗೆ ಯಾರೂ ದುಡ್ಡು ಕೊಡುವುದಿಲ್ಲ. ಈ ದೂರು ಸುಳ್ಳಲ್ಲ. ಟೆಂಡರಿನಲ್ಲಿ ಸಭೆಯ ಸಮಯಕ್ಕೆ ಒಂದು ಸಾಲು ಇಲ್ಲದಿದ್ದರೆ ಗುತ್ತಿಗೆದಾರ ಅದನ್ನು ಪಾಳಿಗೆ ಮುಂಚೆ ತಳ್ಳುತ್ತಾನೆ, ಆರಕ್ಕೆ ಬರಬೇಕಾದವನನ್ನು ಐದೂಮುಕ್ಕಾಲಿಗೆ ಬಾ ಎನ್ನುತ್ತಾನೆ. ಆಗ ನಿದ್ದೆಗಣ್ಣಿನ ಕಾರ್ಮಿಕ ಸಂಬಳವಿಲ್ಲದ ಹದಿನೈದು ನಿಮಿಷ ನಿಂತು ಕಾಲ ಕಳೆಯುತ್ತಾನೆ. ಸಭೆ ಪಾಳಿಯ ಒಳಗೇ ನಡೆಯಬೇಕು, ಅದರ ಖರ್ಚು ಕೆಲಸದ ದರದಲ್ಲೇ ಸೇರಬೇಕು. ಅದನ್ನು ಮಾಡಬಲ್ಲವರು ಗುತ್ತಿಗೆ ಕೊಡುವ ಮೂಲ ಕಂಪನಿಯವರು ಮಾತ್ರ.

ಆಡಳಿತ ವರ್ಗದವರು ಹೇಳುವುದು: ಹೇಳಿದ್ದೇವೆ, ದಾಖಲಿಸಿದ್ದೇವೆ, ಪಾಲಿಸುವುದು ಅವರ ಕೆಲಸ. ಸಂಹಿತೆಯ 13ನೇ ಕಲಂ ಕಾರ್ಮಿಕನ ಮೇಲೂ ಕರ್ತವ್ಯ ಹೊರಿಸಿದೆ, ಅದು ನಿಜ. ಸಂಘಟನೆಗಳವರು ಕೇಳುವುದು: ಅಪಾಯ ಕಂಡಾಗ ಕೆಲಸ ನಿಲ್ಲಿಸುವ ಹಕ್ಕು ಎಲ್ಲಿದೆ? 14ನೇ ಕಲಂ ಓದಿದರೆ ಈ ಪ್ರಶ್ನೆಯ ಹುರುಳು ಕಾಣುತ್ತದೆ. ಜೀವಕ್ಕೆ ಅಪಾಯವಿದೆ ಎನಿಸಿದರೆ ಕಾರ್ಮಿಕ ಅದನ್ನು ಮಾಲೀಕನಿಗೆ, ಅದೇ ಹೊತ್ತಿಗೆ ಇನ್‌ಸ್ಪೆಕ್ಟರಿಗೆ ತಿಳಿಸಬಹುದು. ಮಾಲೀಕನಿಗೆ ಒಪ್ಪಿಗೆಯಾಗದಿದ್ದರೆ ಅವನು ತಕ್ಷಣ ಇನ್‌ಸ್ಪೆಕ್ಟರಿಗೆ ಒಪ್ಪಿಸಬೇಕು, ಅವರ ತೀರ್ಮಾನವೇ ಅಂತಿಮ. ಆ ತೀರ್ಮಾನ ಬರುವ ತನಕ ಕಾರ್ಮಿಕ ಕೈಕಟ್ಟಿ ನಿಲ್ಲಬಹುದು ಎಂದು ಕಲಂ ಸ್ಪಷ್ಟವಾಗಿ ಹೇಳಿಲ್ಲ. ನಾಳೆಯ ಗೇಟ್‌ಪಾಸ್ ಗುತ್ತಿಗೆದಾರನ ಕೈಯಲ್ಲಿರುವ ಹೆಲ್ಪರಿಗೆ ಈ ಮೌನ ಬಹಳ ದುಬಾರಿ.

ಇನ್ನೊಂದು ಆಕ್ಷೇಪ ಸುರಕ್ಷತೆ ಬಲ್ಲವರಿಂದಲೇ ಬರುತ್ತದೆ. ಮಾತಿಗಿಂತ ಗಾರ್ಡ್ ಮುಖ್ಯ, ಸೂಚನೆಗಿಂತ ಬೀಗ ಮುಖ್ಯ, ಸಭೆ ಹೆಚ್ಚಾದಷ್ಟೂ ಯಂತ್ರ ಸರಿಪಡಿಸುವ ಖರ್ಚನ್ನು ಮುಂದೂಡುತ್ತಾರೆ ಎಂಬುದು ಅವರ ಆತಂಕ. ಈ ಮಾತು ಸರಿ. ಆದರೆ ಗಾರ್ಡ್ ಇಲ್ಲ ಎಂಬ ಸುದ್ದಿ ಕಚೇರಿಗೆ ತಲುಪುವುದೂ ಇಂಥ ಸಭೆಯಿಂದಲೇ, ಅಲ್ಲಿ ಕಾರ್ಮಿಕ ಬಾಯಿ ತೆರೆಯಲು ಬಿಟ್ಟರೆ.

ಹದಿನೈದು ಜನರ ಮಿಲ್ಲು

ಹಳೆಯ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಡೆ ಹತ್ತು ಕಾರ್ಮಿಕರಿದ್ದರೆ ಅದು ಕಾರ್ಖಾನೆ. ಈಗ ಇಪ್ಪತ್ತು ಬೇಕು, ವಿದ್ಯುತ್ ಇಲ್ಲದ ಕಡೆ ನಲವತ್ತು. ಹಾಗಾದರೆ ಸಿಂಧನೂರು, ಕಾರಟಗಿ, ಗಂಗಾವತಿಯ ಹದಿನೈದು ಜನರ ರೈಸ್‌ಮಿಲ್ಲು ಕೈಬಿಟ್ಟುಹೋಯಿತೇ? ಪೂರ್ತಿ ಇಲ್ಲ. ಹತ್ತು ಜನರಿರುವ ಉದ್ಯಮ ‘ಸಂಸ್ಥೆ’ ಎಂಬ ವ್ಯಾಖ್ಯೆಯೊಳಗೆ ಬರುತ್ತದೆ, ಕೆಲಸದ ಜಾಗವನ್ನು ಅಪಾಯಮುಕ್ತವಾಗಿಡುವ ಮಾಲೀಕನ ಸಾಮಾನ್ಯ ಕರ್ತವ್ಯ ಉಳಿಯುತ್ತದೆ. ಹೋಗುವುದು ಕಾರ್ಖಾನೆಗೆಂದೇ ಇರುವ ವಿಶೇಷ ನಿಯಮಗಳ ಬಿಗಿ.

ಸುರಕ್ಷತಾ ಅಧಿಕಾರಿಯಂತೂ ಇಂಥ ಕಡೆ ಇರುವುದೇ ಇಲ್ಲ. ಹೊಸ ಸಂಹಿತೆಯಲ್ಲಿ ಅವರು ಕಡ್ಡಾಯವಾಗುವುದು 500 ಕಾರ್ಮಿಕರ ಕಾರ್ಖಾನೆಗೆ, ಅಪಾಯಕಾರಿ ಪ್ರಕ್ರಿಯೆ ಇದ್ದರೆ 250ಕ್ಕೆ, ಕಟ್ಟಡ ಕಾಮಗಾರಿಗೆ 250ಕ್ಕೆ, ಗಣಿಗೆ 100ಕ್ಕೆ. ಹಿಂದೆ ಕಾರ್ಖಾನೆಗೆ 1000 ಇತ್ತು, ಆ ಮಟ್ಟಿಗೆ ದೊಡ್ಡ ಘಟಕಗಳಲ್ಲಿ ಸುಧಾರಣೆ. ಮಿಲ್ಲಿನ ಹಮಾಲರಿಗೆ ಇದರಿಂದ ಏನೂ ಸಿಗದು.

ಅಲ್ಲಿ ಸಭೆ ನಡೆಸಬೇಕಾದವನು ಮಿಲ್ಲಿನ ಆಪರೇಟರೋ ಮೇಸ್ತ್ರಿಯೋ. ಹೇಳಬೇಕಾದ್ದು ಮೂರ್ನಾಲ್ಕು ಮಾತು. ಭತ್ತ ಮೇಲೆತ್ತುವ ಎಲಿವೇಟರಿನ ಬೂಟಿನಲ್ಲಿ (ಬುಡದ ಪೆಟ್ಟಿಗೆ) ಭತ್ತ ಕಟ್ಟಿಕೊಂಡರೆ ಮೋಟಾರಿನ ಮೇನ್ ಇಳಿಸಿ, ಫ್ಯೂಸ್ ಕ್ಯಾರಿಯರ್ ಜೇಬಿಗೆ ಹಾಕಿಕೊಂಡ ಮೇಲೆಯೇ ಕೈ ಹಾಕಬೇಕು. ಬಕೆಟ್ಟು ಓಡುತ್ತಿರುವಾಗ ಕೋಲಿನಿಂದ ಕೆದಕಲೂಬಾರದು. ಭತ್ತದ ಬಿನ್ನಿನಲ್ಲಿ ಮೇಲ್ಪದರ ಗಟ್ಟಿಯಾಗಿ ಕೆಳಗೆ ಟೊಳ್ಳಾಗಿರಬಹುದು, ಅದರ ಮೇಲೆ ಕಾಲಿಟ್ಟು ತುಳಿಯಬಾರದು. ಭತ್ತ ನೆನೆಸಿದ ನೀರು ನಿಂತು ಕೊಳೆತ ಗುಂಡಿಗೆ ಇಳಿಯಲೇಬಾರದು, ಅಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಗಾಳಿ ಹುಟ್ಟಿರಬಹುದು. ಒಟ್ಟಿದ ಚೀಲಗಳನ್ನು ಬುಡದಿಂದ ಎಳೆಯಬಾರದು. ಐದು ನಿಮಿಷ, ರಿಜಿಸ್ಟರಿಲ್ಲದಿದ್ದರೂ ನಡೆಯುತ್ತದೆ.

ಇನ್ನೊಂದು ಕಾಲಂ

ಸಂಹಿತೆಯ ಅಡಿಯ ನಿಯಮಗಳು ನೆಲೆಗೊಳ್ಳುವ ತನಕ, ಅದಕ್ಕೆ ವಿರುದ್ಧವಲ್ಲದ ಹಳೆಯ ನಿಯಮಗಳು ಮುಂದುವರಿಯುತ್ತವೆ. ಮುಚ್ಚಿದ ಜಾಗದೊಳಗೆ 24 ವೋಲ್ಟ್ ಮೀರಿದ ಕೈದೀಪ ಒಯ್ಯಬಾರದು ಎಂಬಂಥ ಹಳೆಯ ಮಾತುಗಳು ಹೇಗಿದ್ದರೂ ಪಾಲಿಸತಕ್ಕವೇ. ಸುರಕ್ಷತಾ ಸಮಿತಿ ಇರುವ ಕಡೆ ಕಾರ್ಮಿಕರ ಪ್ರತಿನಿಧಿಗಳ ಸಂಖ್ಯೆ ಮಾಲೀಕರ ಪ್ರತಿನಿಧಿಗಳಿಗಿಂತ ಕಡಿಮೆ ಇರುವಂತಿಲ್ಲ. ಆ ಸಮಿತಿಯಲ್ಲಿ ಕೇಳಿ ಪಡೆಯಬಹುದಾದ ಒಂದು ಬದಲಾವಣೆಗೆ ಹೊಸ ಕಾನೂನೇನೂ ಬೇಕಿಲ್ಲ.

ಇಂದು ರಿಜಿಸ್ಟರಿನಲ್ಲಿರುವುದು ದಿನಾಂಕ, ವಿಷಯ, ಹೆಸರು, ಸಹಿ. ಅದರ ಪಕ್ಕದಲ್ಲಿ ‘ಕಾರ್ಮಿಕರು ಹೇಳಿದ್ದು’ ಎಂದು ಒಂದು ಕಾಲಂ, ‘ಅದಕ್ಕೆ ಮಾಡಿದ್ದು, ಯಾರು, ಯಾವಾಗ’ ಎಂದು ಇನ್ನೊಂದು ಕಾಲಂ ಎಳೆಯಬೇಕು. ಟೇಲ್ ಪುಲ್ಲಿಯ ಗಾರ್ಡ್ ಬಿಚ್ಚಿಟ್ಟಿದ್ದಾರೆ, ಮೂರನೇ ಮಹಡಿಯ ಗ್ರೇಟಿಂಗ್ ಅಲುಗಾಡುತ್ತಿದೆ, ಗ್ಯಾಸ್ ಮೀಟರಿನ ಬ್ಯಾಟರಿ ಸತ್ತಿದೆ ಎಂಬುದು ಹೇಳಿದವನ ಹೆಸರು ಮತ್ತು ಹೊತ್ತಿನ ಜತೆ ಅಲ್ಲಿ ಬೀಳಬೇಕು. ಪುಟದ ಫೋಟೊವನ್ನು ತಂಡದ ಒಬ್ಬರು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಬೇಕು, ಮೊಬೈಲ್ ಒಳಗೆ ಬಿಡದ ಕಡೆ ಕಾರ್ಬನ್ ಪ್ರತಿ ಪಡೆಯಬೇಕು. ಅದೇ ಪುಲ್ಲಿಯಲ್ಲಿ ನಾಳೆ ಒಬ್ಬನ ಕೈ ಸಿಕ್ಕಿದರೆ ವಿಚಾರಣೆಯ ಮೇಜಿನ ಮೇಲೆ ಬರುವ ಪುಟದಲ್ಲಿ ಅವನ ಸಹಿಯೂ ಇರುತ್ತದೆ, ಗಾರ್ಡ್ ಇಲ್ಲವೆಂದು ಅವನ ತಂಡ ಬೆಳಿಗ್ಗೆ ಆರೂಕಾಲಿಗೆ ಹೇಳಿದ್ದೂ ಇರುತ್ತದೆ.